ಹೊಟ್ಟೆಯಿಂದ ಉಳಿಸಬೇಡ

ಧರ್ಮಪುರಿ,
ಆಡಿ ತಿಂಗಳ ಮೊದಲ ವಾರ

ಮುದ್ದಿನ ಪುಟ್ಟಿ,

ನಿನ್ನ ಅಮ್ಮ ಮೊನ್ನೆ ಇಲ್ಲಿಗೆ ಬಂದಿದ್ದಳು. ಸೇಲಂ ಸೇರಿ ವರ್ಷ ತುಂಬುವುದರೊಳಗೆ ಮಗಳ ಕೊರಳ ಮೂಳೆ ಎದ್ದು ಕಾಣುತ್ತಿದೆ, ಕೇಳಿದರೆ ಪರೀಕ್ಷೆಯ ದಣಿವು ಅನ್ನುತ್ತಾಳೆ ಎಂದು ಕಣ್ಣೊರೆಸಿಕೊಂಡಳು. ನಿಜ ಸಂಗತಿಯನ್ನು ನಿನ್ನ ಕೋಣೆಯ ಗೆಳತಿ ಹೇಳಿದ್ದಾಳೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಬೆಳಿಗ್ಗೆ ಏನೂ ತಿನ್ನದೆ ತರಗತಿಗೆ ಹೋಗುತ್ತೀಯಂತೆ. ರಾತ್ರಿಗೆ ಒಂದು ಟೀ, ಒಂದು ಬನ್ನು. ಸರಕಾರದ ಪುದುಮೈ ಪೆಣ್ ಯೋಜನೆಯಿಂದ ತಿಂಗಳು ತಿಂಗಳು ಬರುವ 1000 ರೂಪಾಯಿಯನ್ನು ಹಾಗೆಯೇ ತಮ್ಮನ ಟ್ಯೂಷನ್ನಿಗೆ ಕಳಿಸುತ್ತೀಯಂತೆ.

ತಮ್ಮನ ಮೇಲಿನ ನಿನ್ನ ಅಕ್ಕರೆಗೆ ನಾನು ಅಡ್ಡ ಬರುವವಳಲ್ಲ. ಆದರೆ ಆ ದುಡ್ಡು ಯಾತಕ್ಕೆ ಬರುತ್ತಿದೆ ಅನ್ನುವುದನ್ನು ಒಮ್ಮೆ ನೋಡು. ಸರಕಾರಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳ ಓದು ಹನ್ನೆರಡನೇ ತರಗತಿಗೇ ನಿಲ್ಲಬಾರದು ಎಂದು 2022ರ ಸೆಪ್ಟೆಂಬರಿನಲ್ಲಿ ಶುರು ಮಾಡಿದ್ದು ಅದು. ಉಪವಾಸ ಕೂತವಳ ತಲೆಗೆ ಯಾವ ಪಾಠ ಹತ್ತೀತು? ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ ಎಂದು 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಮನೆಯಲ್ಲಿ ದುಡ್ಡು ಸಾಲದೆ ಬಂದಾಗ ಮೊದಲು ತನ್ನ ತಟ್ಟೆಯಿಂದ ಕಡಿಮೆ ಮಾಡುವವಳು ಹೆಣ್ಣು. ನನ್ನ ಅಮ್ಮ ಮಾಡಿದಳು, ನಿನ್ನ ಅಜ್ಜಿ ಮಾಡಿದಳು. ಅದು ನಿನ್ನವರೆಗೆ ಬರಬಾರದು ಎಂದೇ ಈ ಕಾಗದ. ಸೇಲಂನಲ್ಲಿ ಕೈಯಲ್ಲಿ ದುಡ್ಡಿಲ್ಲದಿದ್ದರೂ ಹೊಟ್ಟೆ ತುಂಬ ಉಣ್ಣಬಹುದು. ಊರಿನ ಹೊತ್ತುಗೊತ್ತು ತಿಳಿದಿರಬೇಕು, ಅಷ್ಟೆ.

ಇದು ನನಗೆ ಹೇಗೆ ಗೊತ್ತು ಅಂದರೆ, ನಾನು ಆ ಊರಿನಲ್ಲಿ ಊಟ ಮಾರಿ ಬದುಕಿದವಳು. ಅಮ್ಮಾಪೇಟೆಯ ನೇಕಾರರ ಬೀದಿ ಅದು. ನಮ್ಮ ದೇವಾಂಗರ ಮನೆಗಳಲ್ಲಿ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಗಂಡಸು ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತರೆ ಹೆಂಗಸು ಪಕ್ಕದಲ್ಲಿ ನೂಲು ಸುತ್ತಬೇಕು. ರೇಷ್ಮೆ ಪಂಚೆಗೆ ಸೇಲಂ ಹೆಸರಾದದ್ದು ಆ ಇಬ್ಬರ ದುಡಿಮೆಯಿಂದ. ಅಂಥ ಮನೆಯಲ್ಲಿ ಬೆಳಿಗ್ಗೆ ಒಲೆ ಹಚ್ಚಲು ಪುರುಸೊತ್ತು ಎಲ್ಲಿಂದ ಬರಬೇಕು? ಮಕ್ಕಳು ಪಾತ್ರೆ ಹಿಡಿದು ನನ್ನ ಜಗುಲಿಗೆ ಬರುತ್ತಿದ್ದರು. ಹತ್ತು ಇಡ್ಲಿ, ಮೇಲೆ ಒಂದು ಸೌಟು ಸಾಂಬಾರು. ವಾರದ ಕೂಲಿ ಕೈಗೆ ಬಂದ ದಿನ ಲೆಕ್ಕ ಚುಕ್ತಾ. ಹೊರಗೆ ತಿನ್ನುವುದು ಸಿರಿವಂತರ ಶೋಕಿ ಎಂದು ನಿನ್ನ ಅಪ್ಪ ಅನ್ನುತ್ತಾನಲ್ಲ, ಅವನ ಮಾತನ್ನು ನಾನು ಒಪ್ಪುವುದಿಲ್ಲ. ದುಡಿಯುವ ಬೀದಿಗಳಲ್ಲೇ ಅಗ್ಗದ ತಿಂಡಿ ಹುಟ್ಟುವುದು. ಇವತ್ತಿಗೂ ನೀನು ಗುಗೈ, ಶೆವ್ವಾಪೇಟೆ, ಅಮ್ಮಾಪೇಟೆಯ ಕಡೆ ನಡೆದು ನೋಡು. ಹೊಸ ಬಸ್ ನಿಲ್ದಾಣದ ಸುತ್ತ ಕೊಡುವ ಬೆಲೆ ಅಲ್ಲಿ ಕೊಡಬೇಕಾಗಿಲ್ಲ.

ಮೊದಲು ಬೆಳಗಿನ ಮಾತು. ನೀನು ಕೋಣೆ ಹಿಡಿದಿರುವುದು ಅಸ್ತಂಪಟ್ಟಿಯಲ್ಲಿ, ಓದುವುದು ಕರುಪ್ಪೂರಿನಲ್ಲಿ. ಹೋಗುವ ಮುಂಚೆ ಊರೊಳಗೇ ಅಮ್ಮ ಉಣವಗಂನಲ್ಲಿ ತಿಂದು ಬಸ್ಸು ಹತ್ತು. ಚೆನ್ನೈಯಲ್ಲಿ 2013ರ ಫೆಬ್ರವರಿಯಲ್ಲಿ ಶುರುವಾದ ಈ ಊಟದ ಮನೆಗಳು ಅದೇ ವರ್ಷ ಜೂನಿನಲ್ಲಿ ಸೇಲಂಗೂ ಬಂದವು. ಇಡ್ಲಿಗೆ 1 ರೂಪಾಯಿ, ಪೊಂಗಲ್‌ಗೆ 5, ಮಧ್ಯಾಹ್ನದ ಸಾಂಬಾರ್ ಸಾದಕ್ಕೆ 5, ಮೊಸರನ್ನಕ್ಕೆ 3. ಶುರುವಿನಲ್ಲಿ ಬರೆದ ಬೆಲೆಯನ್ನು ಮೇಲೇರಿಸಿಲ್ಲ. ಆಳುವ ಪಕ್ಷ ಬದಲಾದ ಮೇಲೂ ಬಾಗಿಲು ಮುಚ್ಚಲಿಲ್ಲ. ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ, ಬೇಗ ಹೋದವರಿಗೆ ಬಿಸಿ ಇಡ್ಲಿ. ನಾಲ್ಕು ಇಡ್ಲಿ ತಿಂದರೆ 4 ರೂಪಾಯಿ. ತಿಂಗಳಿಡೀ ತಿಂದರೂ 120. ನೀನು ಹೊಟ್ಟೆ ಕಟ್ಟಿ ಉಳಿಸಿದ ಬೆಳಗಿನ ತಿಂಡಿಯ ಬೆಲೆ ಇಷ್ಟೇ, ಪುಟ್ಟಿ.

ಅಲ್ಲಿ ತಿನ್ನಲು ನಾಚಿಕೆ ಅಂತ ಗೆಳತಿಯ ಹತ್ತಿರ ಅಂದೆಯಂತೆ. ನಾಚಿಕೆ ಯಾತಕ್ಕೆ? ಅಲ್ಲಿ ಬೇಯಿಸುವವರು ಸ್ವಸಹಾಯ ಸಂಘದ ಹೆಂಗಸರು, ನಿನ್ನ ಅಮ್ಮನ ಹಾಗೆ ಮನೆ ನಡೆಸುವವರು. ಅವರ ಕೂಲಿಯೂ ಅಕ್ಕಿಯ ಬೆಲೆಯೂ ನೀನು ಕೊಡುವ ಒಂದು ರೂಪಾಯಿಯಲ್ಲಿ ಹುಟ್ಟುವುದಿಲ್ಲ. ಕಡಿಮೆ ಬಿದ್ದದ್ದನ್ನು ಸರಕಾರ, ನಗರಪಾಲಿಕೆ ತುಂಬುತ್ತವೆ, ಅದು ನಿನ್ನ ಅಪ್ಪ ಬೆಂಕಿಪೊಟ್ಟಣ ಕೊಂಡಾಗಲೂ ಕೊಟ್ಟ ತೆರಿಗೆಯ ದುಡ್ಡು. ಆ ಸಾಲಿನಲ್ಲಿ ಕಟ್ಟಡ ಕೆಲಸದವನು, ಆಸ್ಪತ್ರೆಗೆ ಬಂದವರ ಮನೆಯವರು, ಹೂ ಮಾರುವವಳು, ಮುನಿಸಿಪಾಲಿಟಿಯ ಕಸದ ಗಾಡಿಯವನು ಒಟ್ಟಿಗೆ ನಿಲ್ಲುತ್ತಾರೆ. ಯಾರ ಪಕ್ಕ ಯಾರು ನಿಂತರು ಎಂದು ಕೇಳುವವರಿಲ್ಲ.

ಇದನ್ನು ನಾನು ಸಣ್ಣ ಮಾತು ಎಂದು ಅಂದುಕೊಂಡಿಲ್ಲ. ನಾನು ಹುಡುಗಿಯಾಗಿದ್ದಾಗ ನಮ್ಮ ಕಡೆಯ ಟೀ ಅಂಗಡಿಗಳಲ್ಲಿ ಎರಡು ಬಗೆಯ ಲೋಟ ಇರುತ್ತಿತ್ತು. ಕೇರಿಯಿಂದ ಬಂದವರಿಗೆ ಬೇರೆ ಲೋಟ, ಕುಡಿದ ಮೇಲೆ ಅವರೇ ತೊಳೆದು ಇಡಬೇಕು, ಬೆಂಚಿನ ಮೇಲೆ ಕೂರುವ ಹಾಗಿಲ್ಲ. ಅಂಗಡಿ, ಹೋಟೆಲು, ಊಟದ ಮನೆಗೆ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯುವಂತಿಲ್ಲ ಎಂದು ಸಂವಿಧಾನದ 15ನೇ ವಿಧಿ ಹೆಸರಿಟ್ಟು ಹೇಳಿದ ಮೇಲೂ ಇದು ನಡೆದಿತ್ತು. ಪಟ್ಟಣದ ಹೋಟೆಲುಗಳೂ ಇದಕ್ಕೆ ಹೊರತಾಗಿರಲಿಲ್ಲ. 1957ರಲ್ಲಿ ಪೆರಿಯಾರ್ ಮದರಾಸಿನಲ್ಲಿ ಹೋಟೆಲಿನ ಬೋರ್ಡಿನ ಮೇಲಿದ್ದ ಬ್ರಾಹ್ಮಣ ಎಂಬ ಪದವನ್ನು ಅಳಿಸಲು ಚಳವಳಿ ಹೂಡಬೇಕಾಯಿತು. ನನ್ನ ಅಂಗಡಿ ತೆರೆದ ದಿನವೇ ನಾನು ಒಂದು ನೇಮ ಇಟ್ಟುಕೊಂಡೆ: ಎಲ್ಲರಿಗೂ ಒಂದೇ ತಟ್ಟೆ, ಒಂದೇ ಲೋಟ. ಕೆಲವು ಮನೆಗಳವರು ಬರುವುದು ಬಿಟ್ಟರು. ಬಿಡಲಿ ಅಂದೆ. ಆದ್ದರಿಂದ ಒಂದು ರೂಪಾಯಿಯ ಇಡ್ಲಿಯ ಸಾಲಿನಲ್ಲಿ ನಿಲ್ಲುವಾಗ ತಲೆ ತಗ್ಗಿಸಬೇಡ. ಆ ಸಾಲು ಸುಮ್ಮನೆ ಸಿಕ್ಕಿದ್ದಲ್ಲ.

ಬೆಂಗಳೂರಿನಲ್ಲಿರುವ ನಿನ್ನ ಚಿಕ್ಕಪ್ಪನ ಮಕ್ಕಳಿಗೂ ಇದನ್ನೇ ಹೇಳಿದ್ದೇನೆ. ಅಲ್ಲಿ 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನ್ ಬಂತು, ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟು. ಅದಕ್ಕೂ ಎಷ್ಟೋ ಮೊದಲು, 1983ರಲ್ಲಿ, ಜಯನಗರದಲ್ಲಿ ಕೆಫೆ ದರ್ಶಿನಿ ಎಂದು ನಿಂತು ತಿನ್ನುವ ಹೋಟೆಲು ಶುರುವಾಗಿ ಊರಿಗೆಲ್ಲ ಹಬ್ಬಿತು. ಕುರ್ಚಿ ಇಲ್ಲ, ಬಡಿಸುವವರಿಲ್ಲ, ತಿಂದವನು ಹತ್ತು ನಿಮಿಷದಲ್ಲಿ ಜಾಗ ಬಿಡುತ್ತಾನೆ. ಒಂದು ಚಿಕ್ಕ ಮಳಿಗೆಯ ಬಾಡಿಗೆ ನೂರಾರು ತಟ್ಟೆಗಳಿಗೆ ಹಂಚಿಹೋಗುತ್ತದೆ, ದೋಸೆಯ ಬೆಲೆ ಇಳಿಯುತ್ತದೆ.

ಅಗ್ಗದ ಊಟ ಎಲ್ಲಿ ಒಳ್ಳೆಯದು, ಎಲ್ಲಿ ಕೆಟ್ಟದ್ದು ಎಂದು ತಿಳಿಯಲು ಈ ಲೆಕ್ಕ ಗೊತ್ತಿರಬೇಕು. ಇಡ್ಲಿಯನ್ನೇ ತೆಗೆದುಕೋ. ನಾಲ್ಕು ಪಾಲು ಕುಸುಬಲಕ್ಕಿಗೆ ಒಂದು ಪಾಲು ಉದ್ದು. ಅಕ್ಕಿಯಲ್ಲಿ ದುಡ್ಡು ಹೋಗುವುದಿಲ್ಲ, ಉದ್ದಿನಲ್ಲಿ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಗ್ಯಾಸಿನಲ್ಲಿ ಹೋಗುತ್ತದೆ. ಮನೆಯ 14.2 ಕಿಲೋ ಸಿಲಿಂಡರನ್ನು ಅಂಗಡಿಯಲ್ಲಿ ಉರಿಸುವಂತಿಲ್ಲ. 19 ಕಿಲೋದ ವ್ಯಾಪಾರದ ಸಿಲಿಂಡರು ಕೊಳ್ಳಬೇಕು, ಅದರ ಬೆಲೆ ಬೇರೆಯೇ. ಆದ್ದರಿಂದ ಒಂದು ಸಲ ಒಲೆ ಹಚ್ಚಿ ಒಟ್ಟಿಗೆ ಬೇಯಿಸಿ, ಬೇಯಿಸಿದ್ದನ್ನು ಎರಡು ಗಂಟೆಯೊಳಗೆ ಮಾರಿ ಮುಗಿಸುವವನು ಮಾತ್ರ ಅಗ್ಗವಾಗಿಯೂ ಚೊಕ್ಕವಾಗಿಯೂ ಕೊಡಬಲ್ಲ. ಎರಡೋ ಮೂರೋ ಬಗೆ ಮಾತ್ರ ಇರುವ ಅಂಗಡಿ, ಖಾಲಿಯಾಯಿತು ಎಂದು ಹೇಳಲು ಹಿಂಜರಿಯದ ಅಂಗಡಿ — ಅಲ್ಲಿ ಕಣ್ಣುಮುಚ್ಚಿ ತಿನ್ನು. ಗೋಡೆಯ ತುಂಬ ನೂರು ತಿನಿಸಿನ ಹೆಸರು ಬರೆದು ಬೆಲೆಯನ್ನೂ ಕಡಿಮೆ ಇಟ್ಟಿದ್ದರೆ ಅಲ್ಲಿ ನಿನ್ನೆಯದು ಇದೆ ಎಂದು ತಿಳಿ.

ಚಟ್ನಿಯ ಬಣ್ಣವೂ ಹೇಳುತ್ತದೆ. ನಮ್ಮ ಪಾಲಕ್ಕೋಡಿನ ಟೊಮೆಟೊ ಸಂತೆಯಲ್ಲಿ ಬೆಲೆ ಬಿದ್ದರೆ ಸೇಲಂನ ಗಾಡಿಗಳಲ್ಲಿ ಕೆಂಪು ಚಟ್ನಿ ಧಾರಾಳ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಎಲ್ಲೆಲ್ಲೂ ತೆಂಗಿನಕಾಯಿ, ಕಡಲೆ ಚಟ್ನಿಯೇ. ಅಂಥ ದಿನಗಳಲ್ಲೂ ಒಬ್ಬನ ಹತ್ತಿರ ರಸಗೆಂಪು ಚಟ್ನಿ ಅಗ್ಗಕ್ಕೆ ಸಿಕ್ಕರೆ ಆ ಕೆಂಪು ತೋಟದ್ದಲ್ಲ. ಬಣ್ಣ ಹಾಕಿದ ಬೊಂಬಾಯಿ ಮಿಠಾಯಿಯನ್ನು ತಮಿಳುನಾಡು 2024ರ ಫೆಬ್ರವರಿಯಲ್ಲಿ ನಿಷೇಧಿಸಿತು. ಮರುತಿಂಗಳೇ ಕರ್ನಾಟಕ ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣವನ್ನೂ ನಿಲ್ಲಿಸಿತು. ಸಂಜೆ ಗಾಡಿಗಳ ಚಿಲ್ಲಿ ಚಿಕನ್ನಿನ ಮುಂದೆ ನಿಂತಾಗ ಇದು ನೆನಪಿರಲಿ. ಬಾಣಲೆಯ ಎಣ್ಣೆ ಕಪ್ಪಗಾಗಿ ನೊರೆ ಕಟ್ಟುತ್ತಿದ್ದರೂ ಮುಂದಕ್ಕೆ ನಡೆ.

ಸಂಜೆ ಅಂದ ಕೂಡಲೇ ತಟ್ಟುವಡೆ ಸೆಟ್ ನೆನಪಾಗುತ್ತದೆ. ಸೇಲಂ ಬಿಟ್ಟು ಬಂದ ಮೇಲೆ ನನಗೆ ಬಾಯಿ ಬೇಡುವುದು ಅದೊಂದೇ. ಎರಡು ಪುಟ್ಟ ತಟ್ಟುವಡೆಗಳ ನಡುವೆ ಕೆಂಪು ಚಟ್ನಿ, ಹಸಿರು ಚಟ್ನಿ, ಹೆರೆದ ಬೀಟ್‌ರೂಟು, ಕ್ಯಾರೆಟ್ಟು, ಈರುಳ್ಳಿ. ಬಾಯಿಗಿಟ್ಟರೆ ಮೊದಲು ಕರಕರ, ಆಮೇಲೆ ಹುಳಿಖಾರ. ತಟ್ಟುವಡೆಯನ್ನೇ ಪುಡಿಮಾಡಿ ಚಟ್ನಿ ಕಲಸಿ ಕೊಟ್ಟರೆ ನೊರುಕ್ಕಲ್. ಅದಕ್ಕೆ ಬೇಯಿಸಿದ ಮೊಟ್ಟೆ ಸೇರಿಸಿಯೂ ಕೊಡುತ್ತಾರೆ. ಬೇರೆ ಊರಿನವರಿಗೆ ಇದನ್ನು ಎಷ್ಟು ವರ್ಣಿಸಿದರೂ ತಿಳಿಯುವುದಿಲ್ಲ, ತಿನ್ನಿಸಿಯೇ ತೋರಿಸಬೇಕು. ಗೆಳತಿಯರ ಜೊತೆ ಹೋಗು, ತಿನ್ನು, ನಗು. ಆದರೆ ಅದನ್ನೇ ರಾತ್ರಿಯ ಊಟ ಮಾಡಿಕೊಳ್ಳಬೇಡ. ತೊಳೆದ ಕೈ, ಮುಚ್ಚಿಟ್ಟ ತರಕಾರಿ ಇರುವ ಗಾಡಿಯನ್ನೇ ನೋಡಿಕೋ, ಹಸಿ ತರಕಾರಿಯ ವಿಷಯ ಅದು.

ಮೊಟ್ಟೆಯ ಮಾತು ಬಂತಲ್ಲ, ಅದನ್ನು ಸ್ವಲ್ಪ ಹೇಳುತ್ತೇನೆ. 1997ರವರೆಗೆ ಸೇಲಂ ಜಿಲ್ಲೆಯೊಳಗೇ ಇದ್ದ ನಾಮಕ್ಕಲ್ ಇವತ್ತು ನಾಡಿಗೆಲ್ಲ ಮೊಟ್ಟೆ ಕಳಿಸುತ್ತದೆ. ಅಷ್ಟು ಹತ್ತಿರದಿಂದ ಬರುವ ಮೊಟ್ಟೆಗೆ ಕಲಬೆರಕೆ ಇಲ್ಲ, ಚಿಪ್ಪಿನೊಳಗೆ ಯಾರೂ ಕೈ ಹಾಕಲಾರರು. ದಿನಕ್ಕೆ ಒಂದು ಬೇಯಿಸಿದ ಮೊಟ್ಟೆ ಎಲ್ಲಿ ಸಿಕ್ಕರೂ ತಿನ್ನು. ನಿನ್ನ ಕೋಣೆಯ ಗೆಳತಿ ಮೊಟ್ಟೆ ಮುಟ್ಟುವುದಿಲ್ಲ ಅಂದೆ. ಅವಳಿಗೆ ಸುಂಡಲ್ ಇದೆ. ಬೇಯಿಸಿದ ಕಡಲೆ, ಹೆಸರುಕಾಳು, ನೆಲಗಡಲೆ ಗಾಡಿಯ ಮೇಲೆ ಇದ್ದೇ ಇರುತ್ತದೆ. ಅದರ ಮೇಲೆ ನಿಂಬೆಹಣ್ಣು ಹಿಂಡಿಸಿಕೊಳ್ಳಿ, ಕಾಳಿನ ಕಬ್ಬಿಣದ ಸತ್ವ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಹತ್ತುವುದಿಲ್ಲ. ಟೀ ಒಂದು ಗಂಟೆ ತಡವಾಗಿ ಇರಲಿ. ಹಸಿವು ಮುಚ್ಚಲು ಟೀ ಕುಡಿಯುವ ಅಭ್ಯಾಸವನ್ನಂತೂ ಈ ವಾರವೇ ಬಿಡು.

ಬೇಸಗೆ ಬಂದರೆ ಕಂಬಿನ ಕೂಳು ಅಂದರೆ ಸಜ್ಜೆಯ ಗಂಜಿ, ರಾಗಿ ಕೂಳಿನ ಗಾಡಿಗಳು ರಸ್ತೆ ಬದಿಗೆ ಬರುತ್ತವೆ. ಮಜ್ಜಿಗೆ ಬೆರೆಸಿ, ಪಕ್ಕದಲ್ಲಿ ಸಾಂಬಾರ್ ಈರುಳ್ಳಿ, ಮೋರ್ ಮೆಣಸಿನಕಾಯಿ, ಮಾವಿನಕಾಯಿ ಹೋಳು ಇಟ್ಟು ಕೊಡುತ್ತಾರೆ. ಬಾಟಲಿಯ ಬಣ್ಣದ ನೀರಿಗಿಂತ ಕಡಿಮೆ ಬೆಲೆ. ನಿನ್ನ ತರಗತಿಯವರು ಅದನ್ನು ಹಳ್ಳಿಯವರ ಊಟ ಅಂದರೆ ಅನ್ನಲಿ. ನೀನು ಧರ್ಮಪುರಿಯವಳು, ಈ ಜಿಲ್ಲೆ ರಾಗಿಯ ನೆಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ನಾವು ಅಕ್ಕಿಯ ಆಸೆಗೆ ಬಿದ್ದು ರಾಗಿಯನ್ನು ಕೋಳಿಗೆ ಹಾಕಿದೆವು. ಈಗ ಸರಕಾರವೇ 2023ರಿಂದ ನಮ್ಮ ಜಿಲ್ಲೆಯ ಪಡಿತರದಲ್ಲಿ ಅಕ್ಕಿಯ ಬದಲು ಎರಡು ಕಿಲೋ ರಾಗಿ ಕೊಡುತ್ತಿದೆ. ಈ ಆಡಿ ತಿಂಗಳಲ್ಲಂತೂ ಮಾರಿಯಮ್ಮನ ಗುಡಿಗಳ ಮುಂದೆ ಕೂಳನ್ನು ಬಂದವರಿಗೆಲ್ಲ ಹುಯ್ಯುತ್ತಾರೆ. ಕೋಟೆ ಮಾರಿಯಮ್ಮನ ಹಬ್ಬಕ್ಕೆ ಊರೇ ನೆರೆದಿರುತ್ತದೆ, ಚೊಂಬು ಹಿಡಿದು ಹೋಗಿ ಬಾ.

ಗುಡಿಯ ಅನ್ನದ ವಿಷಯವೂ ಹಾಗೆಯೇ. 2002ರಿಂದ ಧರ್ಮಾದಾಯ ಇಲಾಖೆಯ ಹಲವು ದೊಡ್ಡ ಗುಡಿಗಳಲ್ಲಿ ಮಧ್ಯಾಹ್ನ ಅನ್ನದಾನ ನಡೆಯುತ್ತಿದೆ. ವಳ್ಳಲಾರ್ 1867ರಲ್ಲಿ ವಡಲೂರಿನಲ್ಲಿ ಹಚ್ಚಿದ ಒಲೆ ಇವತ್ತಿಗೂ ಆರಿಲ್ಲ ಎಂದು ನಿನಗೆ ಶಾಲೆಯಲ್ಲಿ ಕಲಿಸಿರಬೇಕು. ಕಷ್ಟದ ದಿನ ಅಲ್ಲಿ ಕೂತು ಉಣ್ಣು. ಕೈಯಲ್ಲಿ ದುಡ್ಡಿರುವ ದಿನ ಹೋಗಬೇಡ, ಆ ಎಲೆ ಇನ್ನೊಬ್ಬರದು.

ರಾತ್ರಿಯದು ನಿಜಕ್ಕೂ ಕಷ್ಟ, ಅದನ್ನು ಒಪ್ಪುತ್ತೇನೆ. ಅಗ್ಗಕ್ಕೆ ಸಿಗುವುದು ಪರೋಟ, ಸಾಲ್ನಾ. ಮೈದಾ ಹೊಟ್ಟೆ ತುಂಬಿಸುತ್ತದೆ, ಮೈಗೆ ಹೆಚ್ಚೇನೂ ಕೊಡುವುದಿಲ್ಲ. ವಾರಕ್ಕೊಮ್ಮೆ ಆದರೆ ಸರಿ. ಉಳಿದ ದಿನಗಳಿಗೆ ನಿಮ್ಮ ಬೀದಿಯಲ್ಲೇ ಒಂದು ಚಿಕ್ಕ ಮೆಸ್ ನೋಡಿಕೊಳ್ಳಿ, ಮನೆಯವರೇ ಬೇಯಿಸಿ ಬಡಿಸುವಂಥದ್ದು. ತಿಂಗಳ ಲೆಕ್ಕಕ್ಕೆ ಮುಂಗಡ ಕೊಡುವವರನ್ನು ಅಂಗಡಿಯವರು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಏಕೆಂದರೆ ನಾಳೆಗೆ ಎಷ್ಟು ಅಕ್ಕಿ ಹಾಕಬೇಕು ಎಂದು ಮುಂಚೆಯೇ ತಿಳಿದರೆ ಅವರಿಗೆ ನಷ್ಟವಿಲ್ಲ. ನಾಲ್ಕು ಹುಡುಗಿಯರು ಒಟ್ಟಿಗೆ ಹೋಗಿ ಮಾತಾಡಿ, ಬೆಲೆ ಇಳಿಸುತ್ತಾರೆ. ಇನ್ನೊಂದು ಗುಟ್ಟು: ನಮ್ಮ ಕಡೆಯ ಹೋಟೆಲುಗಳಲ್ಲಿ ಪಾರ್ಸಲ್ ಊಟಕ್ಕೆ ಕೂತು ಉಣ್ಣುವುದಕ್ಕಿಂತ ತುಸು ಹೆಚ್ಚು ಬೆಲೆ, ಆದರೆ ಕಟ್ಟಿಕೊಡುವ ಅನ್ನ ಇಬ್ಬರಿಗೆ ಸಾಕು. ಇಬ್ಬರು ಸೇರಿ ಒಂದು ತಂದು ಹಂಚಿಕೊಳ್ಳಿ.

ಒಬ್ಬಳೇ ಹೋಟೆಲಿಗೆ ಹೋಗಲು ಅಂಜಿಕೆ ಅನ್ನುತ್ತೀಯ. ಪರದೆ ಹಾಕಿದ ಫ್ಯಾಮಿಲಿ ರೂಮಿಗೆ ಹೋಗಿ ಮೂಲೆಯಲ್ಲಿ ಕೂರಬೇಡ. ನಾಲ್ಕು ಜನ ಕಾಣುವ ಕಡೆ, ಬೆಳಕಿನಲ್ಲಿ, ಬಡಿಸುವವರ ಹತ್ತಿರ ಕೂತುಕೋ. ಎರಡು ದಿನ ಹೋದರೆ ಗುರುತಾಗುತ್ತದೆ. ಮೂರನೇ ದಿನ ನೀನು ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರು ಅಲ್ಲಿರುತ್ತಾರೆ. ನನ್ನ ಅಂಗಡಿಗೆ ಬರುತ್ತಿದ್ದ ಹುಡುಗಿಯರನ್ನು ನಾನೂ ಹಾಗೆ ಕೇಳುತ್ತಿದ್ದೆ. ಯಾರು ಎರಡು ಇಡ್ಲಿಗೆ ಸಾಕು ಅಂದರು, ಯಾರಿಗೆ ನಿಜವಾಗಿಯೂ ಸಾಕಾಗಿತ್ತು, ಯಾರು ಕೈಚೀಲ ನೋಡಿ ಸಾಕು ಅಂದರು ಎಂಬುದು ಮುಖದಲ್ಲೇ ತಿಳಿಯುತ್ತಿತ್ತು. ಊಟ ಮಾರುವವರಲ್ಲಿ ಹೆಚ್ಚಿನವರಿಗೆ ಈ ಕಣ್ಣು ಇರುತ್ತದೆ, ಅವರನ್ನು ನಂಬು.

ಬಸ್ಸಿನ ಖರ್ಚನ್ನು ನೆವ ಮಾಡಬೇಡ. 2021ರ ಮೇ ತಿಂಗಳಿಂದ ಸಾಧಾರಣ ಟೌನ್ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಎದ್ದು ಅಸ್ತಂಪಟ್ಟಿಯ ಉಳವರ್ ಸಂದೈಗೆ ಹೋಗು. 1999ರಿಂದ ನಡೆದುಬಂದ ರೈತರ ಸಂತೆಗಳು ಇವು. ದಲ್ಲಾಳಿ ಇಲ್ಲ, ಬೆಲೆ ಬೋರ್ಡಿನ ಮೇಲೆ ಬರೆದಿರುತ್ತದೆ. ವಾರಕ್ಕೆ ಬೇಕಾದ ಬಾಳೆಹಣ್ಣು, ಸೀಬೆ, ಸೌತೆಕಾಯಿ ತಂದಿಟ್ಟುಕೋ. ಹಣ್ಣಿಗೆ ಒಲೆ ಬೇಡ, ನಿನ್ನ ಮನೆಯೊಡತಿಯ ಅಪ್ಪಣೆಯೂ ಬೇಡ.

ದೊಡ್ಡ ಹೋಟೆಲಿಗೆ ಹೋದ ದಿನ ಬಿಲ್ಲು ಓದಿ ಕೊಡು. ತೆರಿಗೆ ಸೇರಿಸಿದ್ದರೆ ಅವರ ಜಿಎಸ್‌ಟಿ ಸಂಖ್ಯೆ ಅಲ್ಲೇ ಇರಬೇಕು. ಸೇವಾ ಶುಲ್ಕ ಕಡ್ಡಾಯವಲ್ಲ, ಬೇಡ ಅನ್ನಬಹುದು. ಕುಡಿಯುವ ನೀರು ಕೇಳಿದಾಗ ಬಾಟಲಿ ತಂದಿಟ್ಟರೆ, ಲೋಟದ ನೀರು ಕೊಡಿ ಎಂದು ಕೇಳು. ಇನ್ನೊಂದು ಕಡೆ ಮಾತ್ರ ಚೌಕಾಶಿ ಮಾಡಬೇಡ: ಜಗುಲಿಯ ಮೇಲೆ ಒಬ್ಬಳೇ ಕೂತು ಇಡ್ಲಿ ಹಾಕುವ ಮುದುಕಿಯ ಹತ್ತಿರ. ಅವಳು ಬೆಳಗಿನ ಜಾವ ಎದ್ದಿರುತ್ತಾಳೆ. ಅವಳ ಬೆಲೆಯಲ್ಲಿ ಅವಳ ಕೂಲಿಯೇ ಸೇರಿರುವುದಿಲ್ಲ, ನಾನು ಬಲ್ಲೆ.

ಇನ್ನು ತಮ್ಮನ ಟ್ಯೂಷನ್ನಿನ ಮಾತು. ನಿನ್ನ ಅಮ್ಮನ ಜೊತೆ ಕೂತು ಮಾತಾಡಿದ್ದೇನೆ. ನನ್ನ ವೃದ್ಧಾಪ್ಯದ ಪಿಂಚಣಿಯಿಂದ ಅವನ ಫೀಜಿಗೆ ಒಂದು ಪಾಲು ಕೊಡುತ್ತೇನೆ, ಉಳಿದದ್ದನ್ನು ನಿನ್ನ ಅಪ್ಪ ಒಪ್ಪಿಕೊಂಡಿದ್ದಾನೆ. ಬರುವ ತಿಂಗಳಿಂದ ನಿನ್ನ 1000 ರೂಪಾಯಿ ನಿನ್ನ ಖಾತೆಯಲ್ಲೇ ಇರಲಿ. ಅದರಲ್ಲಿ 120 ಬೆಳಗಿನ ಇಡ್ಲಿಗೆ. ಉಳಿದದ್ದು ಮೊಟ್ಟೆಗೆ, ಹಣ್ಣಿಗೆ, ಮೆಸ್ಸಿನ ಮುಂಗಡಕ್ಕೆ. ಸಾಲದಿದ್ದರೆ ನನಗೆ ಫೋನು ಮಾಡು, ಅಮ್ಮನಿಗೆ ತಿಳಿಯದ ಹಾಗೆ ಕಳಿಸುತ್ತೇನೆ. ದಾವಣಿ ಹೊಲಿಸಲು ಇಟ್ಟುಕೊಂಡ ದುಡ್ಡನ್ನು ಮುಟ್ಟಬೇಡ, ಅದೂ ನಿನಗೆ ಬೇಕು.

ನಿನ್ನ ಅಣ್ಣ ಬುಧವಾರ ತೊಪ್ಪೂರು ದಾಟಿ ಸೇಲಂಗೆ ಲೋಡು ತರುತ್ತಾನೆ. ಅವನ ಕೈಯಲ್ಲಿ ರಾಗಿಹಿಟ್ಟಿನ ಉಂಡೆ, ಹುರಿದ ನೆಲಗಡಲೆ, ಹುಣಸೆ ತೊಕ್ಕು ಕಳಿಸುತ್ತಿದ್ದೇನೆ. ತೊಕ್ಕು ಗಾಜಿನ ಭರಣಿಯಲ್ಲಿದೆ, ಒದ್ದೆ ಚಮಚ ಹಾಕಬೇಡ. ಗೆಳತಿಗೂ ಅರ್ಧ ಕೊಡು. ಭರಣಿಯನ್ನು ತೊಳೆದು ಅವನ ಮುಂದಿನ ಲೋಡಿಗೆ ವಾಪಸು ಕಳಿಸು.

ನಿನ್ನ
ದೊಡ್ಡಜ್ಜಿ